ಸುಡದೆ ಮುರಿದ ಕಡ್ಡಿ

ಅಮಾವಾಸ್ಯೆಯ ಬೆಳಗ್ಗೆ ನನ್ನ ಅಂಗಡಿಯಲ್ಲಿ ಚಟ್ನಿ ಸಿಗುವುದಿಲ್ಲ. ಇಡ್ಲಿ ಸಿಗುತ್ತದೆ, ಸಾಂಬಾರು ಸಿಗುತ್ತದೆ, ಬೇಕೆಂದವರಿಗೆ ನಾಲ್ಕು ಬಯ್ಗುಳವೂ ಸಿಗುತ್ತದೆ, ಚಟ್ನಿ ಮಾತ್ರ ಕೇಳಬಾರದು. ಊರಿನವರು ಕೇಳುವುದೂ ಇಲ್ಲ. ಹೊರಗಿನವರು ಯಾರಾದರೂ ಕೇಳಿದರೆ, ಮಧ್ಯಾಹ್ನದವರೆಗೆ ಕೂತಿರಿ, ನೀವೇ ನೋಡುವಿರಂತೆ ಅನ್ನುತ್ತೇನೆ. ಸೂರ್ಯ ನೆತ್ತಿಗೆ ಬರುತ್ತಲೇ ಅರೆದಿಟ್ಟ ಚಟ್ನಿಯ ಕಾಯಿತುರಿಯೆಲ್ಲ ಒಂದಾಗಿ ಕರಟಕ್ಕೆ ಅಂಟಿ, ಎರಡು ಹೋಳೂ ಸೇರಿ, ಇಡೀ ತೆಂಗಿನಕಾಯಿ ಉರುಳಿಕೊಂಡು ಹೋಗಿ ಮೂಲೆಯಲ್ಲಿ ಕೂರುತ್ತದೆ. ಕರಗಿದ ಉಪ್ಪು ಮತ್ತೆ ಹರಳಾಗುತ್ತದೆ. ಹಸಿಮೆಣಸಿನಕಾಯಿಗೆ ತೊಟ್ಟು ಬರುತ್ತದೆ. ಹುರಿಗಡಲೆಯ ಪುಡಿ ಕಾಳಾಗುತ್ತದೆಯೇ ಹೊರತು ಹಸಿಕಡಲೆಯಾಗುವುದಿಲ್ಲ, ಯಾಕೆಂದರೆ ಅದು ಒಮ್ಮೆ ಬೆಂಕಿ ಕಂಡದ್ದು.

ಹೀಗೇಕೆ ಎಂದು ಹೊರಗಿನವರು ನನ್ನನ್ನು ಕೇಳುತ್ತಾರೆ. ಹಾಗಾದರೆ ನೀವು ಉಟ್ಟ ಸೀರೆ ಯಾಕೆ ನೂಲಾಗಲಿಲ್ಲ, ಅದು ಯಾಕೆ ಹಾಗಾಗಲಿಲ್ಲ, ಇದು ಯಾಕೆ ಹೀಗಾಯಿತು ಎಂದು ವಕೀಲರ ಹಾಗೆ ಅಡ್ಡಪ್ರಶ್ನೆ ಹಾಕುತ್ತಾರೆ. ನಿಮ್ಮೂರಿನ ಹೊಳೆ ಯಾಕೆ ಇಳಿಜಾರಿಗೇ ಹರಿಯುತ್ತದೆ ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ? ನಮ್ಮಜ್ಜಿಯ ಅಜ್ಜಿಯ ಕಾಲದಿಂದಲೂ ಇಲ್ಲಿ ಹೀಗೇ. ಊರಾಚೆಯ ಗಡಿಕಲ್ಲು ದಾಟಿದರೆ ಹೀಗಿಲ್ಲ. ಬದುಕುವುದಕ್ಕೆ ಇಷ್ಟು ತಿಳಿದಿದ್ದರೆ ಸಾಕು. ಅರೆದದ್ದು ಮರಳುತ್ತೆ, ಹುಳಿದದ್ದು ಉಳಿಯುತ್ತೆ ಎಂಬುದು ನಮ್ಮಲ್ಲಿ ಅಂಬೆಗಾಲಿಡುವ ಮಕ್ಕಳಿಗೂ ಗೊತ್ತು. ಒಡೆದದ್ದು, ಹರಿದದ್ದು, ಕತ್ತರಿಸಿದ್ದು, ಕರಗಿದ್ದು ಅಮಾವಾಸ್ಯೆಯ ನಡುಹಗಲಿಗೆ ಮೊದಲಿನಂತಾಗುತ್ತವೆ. ಸುಟ್ಟದ್ದು, ಬೆಂದದ್ದು, ಹುಳಿ ಬಂದದ್ದು, ತುಕ್ಕು ಹಿಡಿದದ್ದು ಆಗುವುದಿಲ್ಲ. ಅದಕ್ಕೇ ಮಡಕೆ ಒಡೆದ ಮಗುವಿಗೆ ಇಲ್ಲಿ ಯಾರೂ ಗದರುವುದಿಲ್ಲ, ಅಮಾವಾಸ್ಯೆ ಬರಲಿ ಬಿಡು ಅನ್ನುತ್ತಾರೆ. ಅನ್ನ ಸೀದಿಸಿದವಳನ್ನು ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಕ್ಷೌರದವನು ಕೂದಲು ಕತ್ತರಿಸಿದ ಮೇಲೆ ತುದಿಗೆ ಒಮ್ಮೆ ದೀಪ ತೋರಿಸುತ್ತಾನೆ. ಇಲ್ಲವಾದರೆ ಮಾಡಿಸಿಕೊಂಡ ಕ್ಷೌರ ದಂಡ.

ನನ್ನ ಹೆಸರು ತುಳಸಿ. ತುಳಸಕ್ಕನ ಇಡ್ಲಿ ಅಂಗಡಿ ಅಂದರೆ ಯಾರಾದರೂ ದಾರಿ ತೋರಿಸುತ್ತಾರೆ. ನನ್ನದು ಉಳಿಯುವ ಕಸುಬು. ಅಮಾವಾಸ್ಯೆಯ ಹಿಂದಿನ ಸಂಜೆ ರುಬ್ಬಿಟ್ಟ ಹಿಟ್ಟು ಬೆಳಗಾಗುವುದರೊಳಗೆ ಹುಳಿ ಬಂದು ಉಬ್ಬಿತೆಂದರೆ ನಾನು ಗೆದ್ದ ಹಾಗೆ. ಚಳಿಗಾಲದಲ್ಲಿ ಕೆಲವು ಸಲ ಅದು ಮುನಿಸಿಕೊಂಡು ಸುಮ್ಮನೆ ಕೂತುಬಿಡುತ್ತದೆ. ಆಗ ಮಧ್ಯಾಹ್ನ ಮುಚ್ಚಳ ತೆಗೆದು ನೋಡಿದರೆ ಅಕ್ಕಿ ಬೇರೆ, ಉದ್ದು ಬೇರೆ, ಮೇಲೆ ತಿಳಿನೀರು. ರುಬ್ಬಿದ ರಟ್ಟೆಯ ನೋವು ಮಾತ್ರ ಎಲ್ಲಿಗೂ ಮರಳಿರುವುದಿಲ್ಲ.

ನನ್ನ ಗಂಡ ಲೋಕಪ್ಪನದು ಮರಳುವ ಕಸುಬು. ಅವನು ಬಡಗಿ. ನನ್ನ ಸೋದರತ್ತೆಯ ಮಗ. ಚಿಕ್ಕಂದಿನಿಂದ ಬಾವ ಎಂದು ಕರೆದು, ನೀನು ತಾನು ಎಂದೇ ಜಗಳವಾಡಿ ಬೆಳೆದದ್ದರಿಂದ ಮದುವೆಯಾದ ಮೇಲೂ ಬಹುವಚನ ನನ್ನ ಬಾಯಿಗೆ ಬರಲಿಲ್ಲ. ನಮ್ಮೂರಿನ ಬಡಗಿಗಳು ಮರ ಕೊಯ್ದ ಕಡೆಯಲ್ಲೆಲ್ಲ ಕಾದ ಕಬ್ಬಿಣ ಎಳೆದು ಅಂಚು ಸುಡುತ್ತಾರೆ. ಸುಟ್ಟ ಅಂಚು ಮತ್ತೆ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ನಮ್ಮ ಬಾಗಿಲು, ಮಂಚ, ಮಣೆ ಎಲ್ಲದಕ್ಕೂ ಕಾಡಿಗೆ ತೀಡಿದಂಥ ಕಪ್ಪು ಅಂಚು. ಲೋಕಪ್ಪನಿಗೆ ಅದನ್ನು ಕಂಡರಾಗದು. "ಸುಟ್ರೆ ಅದು ಮರ ಅಲ್ಲ ತುಳಸಿ, ಇದ್ಲು. ಇದ್ಲಿನ ಮೇಲೆ ಕೂರೋದಾದ್ರೆ ಬಡಗಿ ಯಾಕ್ ಬೇಕು?" ಎನ್ನುತ್ತಿದ್ದ. ಅವನು ಏನನ್ನೂ ಸುಡದೆ ಮಾಡುತ್ತಿದ್ದ. ಮರದ ಗೆರೆ ಗೆರೆಯೂ ಕಾಣುವಂತೆ ಉಜ್ಜಿ ಉಜ್ಜಿ ನಯ ಮಾಡುತ್ತಿದ್ದ. ಅಮಾವಾಸ್ಯೆಯ ಮಧ್ಯಾಹ್ನ ಎಲ್ಲ ಕೊರಡಾಗಿ ಅಂಗಳದಲ್ಲಿ ಬಿದ್ದಿರುತ್ತಿತ್ತು.

ಮದುವೆಯಾದ ಹೊಸತರಲ್ಲಿ ನನಗೆಂದು ಹಲಸಿನ ಮರದ ಮಣೆ ಮಾಡಿಕೊಟ್ಟ. ಅಮಾವಾಸ್ಯೆಗೆ ಅದೂ ಕೊರಡಾಯಿತು. ಮಾರನೆಯ ದಿನ ಮತ್ತೆ ಮಾಡಿದ. ಹೀಗೇ ಪ್ರತಿ ತಿಂಗಳೂ. ಪ್ರತಿ ಸಲವೂ ಮೂಲೆಯಲ್ಲಿ ಏನಾದರೊಂದು ಹೊಸದು ಕೆತ್ತುತ್ತಿದ್ದ. ಒಮ್ಮೆ ಗಿಳಿ, ಒಮ್ಮೆ ಮಾವಿನಕಾಯಿ, ಒಮ್ಮೆ ನನ್ನ ಮೂಗು. ಆ ಮೂಗು ನೋಡಿ ನಾನು ಊಟ ಬಿಟ್ಟು ಕೂತೆ, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಊರಿನವರೆಲ್ಲ ಏನೇನು ಹಾಳಾಗುತ್ತದೋ ಎಂದು ಅಮಾವಾಸ್ಯೆಗೆ ಅಂಜಿದರೆ, ಹೊಸ ಮಣೆ ಬರುತ್ತದೆ ಎಂದು ಅದನ್ನು ಕಾಯುತ್ತಿದ್ದವಳು ನಾನೊಬ್ಬಳೇ.

ನನಗೆ ಹಬ್ಬವಾದದ್ದು ಅವನಿಗೆ ಸವೆತವಾಯಿತು. ಮಾಡಿದ್ದನ್ನೇ ಮಾಡಿ ಮಾಡಿ ಕೈ ಸೋತಿತು ಎಂದ. ಗಡಿಕಲ್ಲಿನ ಆಚೆ ಹೋಗೋಣ, ಅಲ್ಲಿ ಮಾಡಿದ ಕುರ್ಚಿ ಕುರ್ಚಿಯಾಗಿಯೇ ಇರುತ್ತದಂತೆ ಎಂದ. "ಅಕ್ಕಿ ನೆನೆಹಾಕಿದೀನಿ ಬಾವ, ಈ ಅಮಾವಾಸ್ಯೆ ಕಳೀಲಿ" ಎಂದು ಪ್ರತಿ ಸಲವೂ ನಾನು ಮುಂದಕ್ಕೆ ಹಾಕುತ್ತಿದ್ದೆ. ಒಡೆದದ್ದು ಒಡೆದೇ ಇರುವ ಊರು ಎಂದರೆ ನನಗೆ ಭಯ. ಅಂಥ ಕಡೆ ಒಂದು ಲೋಟ ಎತ್ತಿಡುವುದಕ್ಕೂ ನನ್ನ ಕೈ ನಡುಗೀತು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ, ನನಗೆ ಬೇರೆ ಊರು ಬೇಡ. ನನಗೆ ಬೇಕಾಗಿದ್ದುದು ಈ ಊರು, ಇಲ್ಲಿ ಅವನು.

ಗಂಡ ಹೆಂಡಿರು ಬೇರೆಯಾಗುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಬೇರೆ ಊರುಗಳಲ್ಲಿ ಕಡ್ಡಿ ಮುರಿದಂತೆ ಹೇಳು ಅನ್ನುತ್ತಾರಂತೆ. ನಾವು ಕಡ್ಡಿ ಸುಟ್ಟಂತೆ ಹೇಳು ಅನ್ನುತ್ತೇವೆ. ಬಿಟ್ಟು ಹೋಗುವವರು ಮನೆಯ ಸೂರಿನಿಂದ ಒಂದು ಕಡ್ಡಿ ಎಳೆದು, ಹೊಸ್ತಿಲಲ್ಲಿ ಸುಟ್ಟು, ಬೂದಿ ಅಲ್ಲೇ ಬಿಟ್ಟು ಹೋಗಬೇಕು. ಅಲ್ಲಿಗೆ ಮುಗಿಯಿತು, ಯಾರು ಯಾರನ್ನು ಕಟ್ಟಿಕೊಂಡರೂ ಯಾರೂ ಕೇಳುವುದಿಲ್ಲ. ಸುಡದೆ ಬರೀ ಮುರಿದರೆ ಅದು ಮುನಿಸು. ಹೊಸ ಮದುವೆಯ ಹುಡುಗಿಯರು ತಿಂಗಳಿಗೊಮ್ಮೆ ಕಡ್ಡಿ ಮುರಿದು ತವರಿಗೆ ಹೋಗುತ್ತಾರೆ. ಅಮಾವಾಸ್ಯೆಗೆ ಕಡ್ಡಿ ಕೂಡಿಕೊಳ್ಳುತ್ತದೆ, ಅವ್ವಂದಿರು ಸಂಜೆಯೇ ಬುಟ್ಟಿ ಹೊರಿಸಿ ಕಳಿಸುತ್ತಾರೆ.

ಲೋಕಪ್ಪ ಹೊರಟದ್ದು ಜಡಿಮಳೆಯ ಒಂದು ಬೆಳಗ್ಗೆ. ಹಿಂದಿನ ದಿನವೆಲ್ಲ ಜಗಳವಾಗಿತ್ತು. ನಾನು ಒಳಗೆ ಮುಖ ತಿರುಗಿಸಿ ಹಿಟ್ಟು ಕಲಕುತ್ತ ಕೂತಿದ್ದೆ. ಅವನು ಉಳಿ, ಬಾಚಿ ಚೀಲಕ್ಕೆ ತುಂಬಿ ಹೊರಗೆ ಹೋದ. ಕಿಟಕಿಯಿಂದ ನೋಡಿದರೆ ಸೂರಿನ ಕೆಳಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತಿದ್ದ. ಆಮೇಲೆ ಟಕ್ಕೆಂದು ಸದ್ದಾಯಿತು. ನಾನು ಎದ್ದು ಹೋಗುವಷ್ಟರಲ್ಲಿ ತಿರುವಿನಲ್ಲಿ ಅವನ ತಲೆಯ ಮೇಲಿನ ಗೋಣಿಕೊಪ್ಪೆ ಮಾತ್ರ ಕಂಡಿತು. ಹೊಸ್ತಿಲ ಮೇಲೆ ಅರ್ಧ ಕಡ್ಡಿ ಬಿದ್ದಿತ್ತು. ಬೂದಿ ಇರಲಿಲ್ಲ. ಇನ್ನರ್ಧವನ್ನು ಅವನು ತೆಗೆದುಕೊಂಡು ಹೋಗಿದ್ದ.

ಇಂಥದ್ದು ಊರಿನಲ್ಲಿ ಹಿಂದೆ ಆಗಿರಲಿಲ್ಲ. ಮುರಿದವರು ಎರಡು ತುಂಡನ್ನೂ ಅಲ್ಲೇ ಎಸೆದು ಹೋಗುತ್ತಿದ್ದರು. ನಾನು ಅರ್ಧ ಕಡ್ಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಂಬಾಳಜ್ಜಿಯ ಹತ್ತಿರ ಹೋದೆ. ಯಾವುದು ಮರಳುತ್ತದೆ, ಯಾವುದು ಉಳಿಯುತ್ತದೆ ಎಂಬ ತಕರಾರು ಬಂದರೆ ನಮ್ಮೂರಿನಲ್ಲಿ ತೀರ್ಪು ಕೊಡುವವಳು ಹೊಂಬಾಳಜ್ಜಿ. ಬಾವಿಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಾಳೆ. ಬೆಣ್ಣೆ ಉಳಿಯುತ್ತಾ ಅಜ್ಜಿ ಎಂದರೆ, "ಕಡೆದದ್ದು ಎಲ್ಲಿ ಉಳಿದಾತು, ಮಜ್ಜಿಗೆಗೆ ಸೇರ್ಕತದೆ, ಅಷ್ಟರೊಳಗೆ ತಿಂದ್ಬಿಡು" ಅನ್ನುತ್ತಾಳೆ. ಮೊಸರು? "ಹೆಪ್ಪು ಬಿದ್ಮೇಲೆ ಹಾಲಿನ ಆಸೆ ಬಿಡು." ಗುಳ್ಳೆ ಎದ್ದಿತಾ, ಬಣ್ಣ ತಿರುಗಿತಾ, ವಾಸನೆ ಬೇರೆಯಾಯಿತಾ, ಒಲೆಯ ಮೇಲಿಡದೆ ತಾನಾಗಿ ಬಿಸಿಯಾಯಿತಾ ಎಂದು ಕೇಳಿ ಕೇಳಿ ತೀರ್ಮಾನ ಮಾಡುತ್ತಾಳೆ.

ಅಜ್ಜಿ ನನ್ನ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಲೋಕ ಬೀಡಿ ಸೇದ್ತಾನೋ ಇಲ್ವೋ?" ಎಂದಳು.

"ಸೇದ್ತಾನೆ."

"ಬೀಡಿ ಸೇದೋನ ಜೇಬಲ್ಲಿ ಬೆಂಕಿಪೊಟ್ಣ ಇಲ್ದೆ ಇರ್ತದಾ? ಇದ್ರೂ ಸುಡ್ನಿಲ್ಲ ಅಂದ್ರೆ ಏನಮ್ಮಿ ಅದರರ್ಥ? ಜೊತೆಗೆ ಚಿಕ್ ತುಂಡು ತಾನ್ ತಗಂಡು ದೊಡ್ ತುಂಡು ನಿಂಗ್ ಬಿಟ್ಟವ್ನೆ. ಬತ್ತಾನೆ. ಹೋಗಿ ಅಕ್ಕಿ ನೆನೆಹಾಕು."

ಎರಡು ತುಂಡು ಎರಡು ಕಡೆ ಇದ್ದರೆ ಚಿಕ್ಕದು ದೊಡ್ಡದರ ಕಡೆಗೆ ಹೋಗುತ್ತದೆ, ಗಡಿಕಲ್ಲಿನ ಒಳಗಿದ್ದರೆ ಸಾಕು. ಅಂದರೆ ಅವನು ಯಾವ ಅಮಾವಾಸ್ಯೆಗೆ ಊರೊಳಗೆ ಬಂದರೂ ನನ್ನ ಕೈಯಲ್ಲಿ ಕಡ್ಡಿ ಇಡಿಯಾಗುತ್ತದೆ. ಅದನ್ನು ಅಕ್ಕಿಯ ಡಬ್ಬದಲ್ಲಿಟ್ಟೆ. ಅಮಾವಾಸ್ಯೆಯ ಮಧ್ಯಾಹ್ನ ಗಿರಾಕಿಗಳು ಕಾದರೂ ಸರಿಯೇ, ಕೈತೊಳೆದು, ಕಡ್ಡಿ ಹಿಡಿದು ಒಲೆಯ ಪಕ್ಕ ಕೂರುತ್ತಿದ್ದೆ. ಸುತ್ತ ತೆಂಗಿನಕಾಯಿ ಕೂಡುವುದು, ಒಡೆದ ಲೋಟ ಕೂಡುವುದು ಕೇಳುತ್ತಿತ್ತು. ನನ್ನ ಕೈಯೊಳಗಿನದು ಹಾಗೇ ಇರುತ್ತಿತ್ತು, ಮುರಿದ ತುದಿಯ ಸಿಬಿರು ಹೆಬ್ಬೆರಳಿಗೆ ಚುಚ್ಚುತ್ತಿತ್ತು. ಆಮೇಲೆ ಎದ್ದು ಚಟ್ನಿಗೆ ಕಾಯಿ ಒಡೆಯುತ್ತಿದ್ದೆ. ಎಷ್ಟು ಅಮಾವಾಸ್ಯೆ ಹೀಗೆ ಹೋದವೋ ನಾನು ಲೆಕ್ಕ ಇಟ್ಟವಳಲ್ಲ. ಅವನ ಮೇಲೆ ನನಗೆ ಬಹಳ ಆಸೆಯಿತ್ತು. ರುಬ್ಬುವಾಗ, ಬಡಿಸುವಾಗ, ಬೇರೆಯವರನ್ನು ಬಯ್ಯುವಾಗಲೂ ಇತ್ತು.

ಆ ನಡುವೆ ಹೈಸ್ಕೂಲಿಗೆ ವಿಜ್ಞಾನ ಹೇಳಲು ಹೊರಗಿನಿಂದ ವಾಮನಮೂರ್ತಿ ಮೇಷ್ಟ್ರು ಬಂದರು. ಒಂಟಿ ಮನುಷ್ಯ, ಎರಡು ಹೊತ್ತೂ ನನ್ನ ಅಂಗಡಿಯಲ್ಲೇ ಊಟ. ಮೊದಲ ಅಮಾವಾಸ್ಯೆಗೆ ಅವರ ಸೀಮೆಸುಣ್ಣದ ಪುಡಿಯೆಲ್ಲ ಕಡ್ಡಿಯಾಗಿ, ಹಲಗೆಯ ಮೇಲೆ ಬರೆದದ್ದೆಲ್ಲ ಅಳಿಸಿಹೋದಾಗ ಕಂಗಾಲಾದರು. ಆಮೇಲೆ ಹೊಂದಿಕೊಂಡರು. "ನಿಮ್ಮೂರಿನ ಸಂಗತಿಗೆ ಪಾಠದಲ್ಲಿ ಹೆಸರಿದೆ ತುಳಸಕ್ಕ. ನೀವು ಮರಳೋದು ಅಂತೀರಲ್ಲ, ಅದಕ್ಕೆ ಭೌತ ಬದಲಾವಣೆ ಅಂತಾರೆ. ಉಳಿಯೋದಕ್ಕೆ ರಾಸಾಯನಿಕ ಬದಲಾವಣೆ" ಎಂದರು.

"ಹೆಸರಿಟ್ರೆ ಚಟ್ನಿ ನಿಲ್ಲುತ್ತಾ ಮೇಷ್ಟ್ರೇ?" ಎಂದೆ.

ಅವರು ನಕ್ಕರು. ಪರೀಕ್ಷೆಯಲ್ಲಿ ಮೇಣದಬತ್ತಿ ಉರಿಯುವುದು ಯಾವ ಬದಲಾವಣೆ ಎಂದು ಕೇಳಿದ್ದರಂತೆ. ಕರಗಿ ಇಳಿದ ಮೇಣ ಅಮಾವಾಸ್ಯೆಗೆ ಮೇಲೆ ಹತ್ತುತ್ತದೆ, ಉರಿದುಹೋದದ್ದು ಬರುವುದಿಲ್ಲ, ಆದ್ದರಿಂದ ಎರಡೂ ಎಂದು ಇಡೀ ತರಗತಿ ಬರೆದಿತ್ತಂತೆ. "ಬೇರೆ ಊರಲ್ಲಿ ಇದನ್ನ ಕಲಿಸೋಕೆ ನನಗೆ ಒಂದು ತಿಂಗಳು ಹಿಡಿಯುತ್ತೆ. ಇಲ್ಲಿ ಎಲ್ಲರಿಗೂ ಪೂರ್ತಿ ಅಂಕ" ಎಂದು ಮುಖ ಅರಳಿಸಿದರು.

ಹೊಂಬಾಳಜ್ಜಿಗೂ ಅವರಿಗೂ ಮಾತ್ರ ಆಗಾಗ ಜಟಾಪಟಿ. ಗುಳ್ಳೆ ಎದ್ದರೆ ಉಳಿಯುತ್ತೆ ಅನ್ನೋದು ತಪ್ಪು, ನೀರು ಕುದಿದರೂ ಗುಳ್ಳೆ ಏಳುತ್ತಲ್ಲ ಎಂದು ಅವರೊಮ್ಮೆ ಅಂದರು. ನಮ್ಮ ಭಾಷೆಯಲ್ಲಿ ಕುದಿಯುವುದಕ್ಕೂ ಮರಳುವುದು ಅನ್ನುತ್ತಾರೆ ನೋಡಿ. "ನೀರು ಮರಳಿದ್ರೂ ಮರಳ್ತದೆ ಕಣಪ್ಪ, ಅಷ್ಟು ನಂಗೂ ಗೊತ್ತು" ಎಂದು ಅಜ್ಜಿ ಎಲೆಯಡಿಕೆ ಉಗಿದಳು. ಮೇಷ್ಟ್ರು ಬಿಡಲಿಲ್ಲ. ಗುಳ್ಳೆ, ಬಣ್ಣ, ವಾಸನೆ ಎಲ್ಲ ಬರೀ ಸುಳಿವು, ಕೆಲವು ಸಲ ಮೋಸ ಮಾಡುತ್ತವೆ. ಮರಳಿ ಬಂತೋ ಇಲ್ಲವೋ ಅನ್ನುವುದೂ ಪಕ್ಕಾ ಗುರುತಲ್ಲ. ಮೊದಲು ಇರದಿದ್ದ ಹೊಸ ವಸ್ತು ಹುಟ್ಟಿತಾ ಎಂದು ನೋಡಬೇಕು, ಅದೊಂದೇ ಗುರುತು ಎಂದರು. "ಕೆಲವು ರಾಸಾಯನಿಕ ಬದಲಾವಣೆಯನ್ನೂ ಹಿಂದಕ್ಕೆ ತಿರುಗಿಸಬಹುದು. ಅಮಾವಾಸ್ಯೆಯ ಕೈಲಿ ಆಗದೆ ಇರಬಹುದು, ನಮ್ಮ ಕೈಲಿ ಆಗುತ್ತೆ" ಎಂದು ಹೇಳಿ, ನನ್ನ ಅಡುಗೆಮನೆಯಿಂದಲೇ ಅರಿಶಿನ ತರಿಸಿದರು. ನೀರಿಗೆ ಕಲಸಿ, ಅಜ್ಜಿಯ ಡಬ್ಬಿಯ ಸುಣ್ಣ ಚೂರು ಹಾಕಿದರು. ಕೆಂಪಾಯಿತು. ಅದು ಎಲ್ಲರೂ ಬಲ್ಲದ್ದೇ, ನಾವು ಅದರಲ್ಲಿ ದೃಷ್ಟಿ ತೆಗೆಯುತ್ತೇವೆ, ಅದು ಯಾವ ಅಮಾವಾಸ್ಯೆಗೂ ಹಳದಿಯಾಗುವುದಿಲ್ಲ. ಮೇಷ್ಟ್ರು ಅದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದರು. ಕೆಂಪು ಸರಿದು ಹಳದಿ ಬಂತು. ಅಜ್ಜಿ ತಟ್ಟೆಯನ್ನು ಮೂಸಿ ನೋಡಿ, ನನ್ನ ಮುಖ ನೋಡಿ, ಎದ್ದು ಹೋದಳು.

ಅದುವರೆಗೂ ನನಗೊಂದು ಹೆದರಿಕೆ ಇತ್ತು. ಕಡ್ಡಿ ಸುಡದಿದ್ದರೇನು, ಅಷ್ಟು ಕಾಲ ಆಚೆ ಇದ್ದವನ ಮನಸ್ಸು ಬಣ್ಣ ತಿರುಗಿದ್ದರೆ ಏನು ಮಾಡಲಿ ಎಂಬ ಹೆದರಿಕೆ. ಬಣ್ಣ ತಿರುಗಿದ್ದೂ ಹಿಂದಕ್ಕೆ ಬರುವುದಾದರೆ ಅಂಜುವುದೇಕೆ? "ಮನುಷ್ಯರಿಗೆ ಏನು ಹಿಂಡಬೇಕು ಮೇಷ್ಟ್ರೇ? ನಮ್ ಕಡೆ ಸಂಸಾರಕ್ಕೆ ಹುಳಿ ಹಿಂಡಿದ್ರೆ ಕೆಡುತ್ತೆ ಅಂತಾರೆ, ನೀವು ನೋಡಿದ್ರೆ ಹುಳಿ ಹಿಂಡಿ ಸರಿಮಾಡಿದ್ರಿ" ಎಂದೆ. ಅವರಿಗೆ ನನ್ನ ಕಥೆ ಗೊತ್ತಿತ್ತು. ತಟ್ಟೆಯನ್ನು ತೊಳೆಯಲು ಎತ್ತಿಕೊಂಡು, "ಅದು ನನ್ನ ಸಿಲಬಸ್ಸಿನಲ್ಲಿ ಇಲ್ಲ ತುಳಸಕ್ಕ" ಎಂದರು. ನಾನು ಮಾತ್ರ ಆವತ್ತಿನಿಂದ ಇನ್ನೂ ಗಟ್ಟಿಯಾಗಿ ಕಾಯತೊಡಗಿದೆ.

ಕಡ್ಡಿ ಕೂಡಿದ್ದು ಒಂದು ಬಿರುಬಿಸಿಲಿನ ಅಮಾವಾಸ್ಯೆ. ಎಂದಿನಂತೆ ಕಣ್ಣು ಮುಚ್ಚಿ ಹಿಡಿದು ಕೂತಿದ್ದೆ. ಹೆಬ್ಬೆರಳಿಗೆ ಚುಚ್ಚುತ್ತಿದ್ದ ಸಿಬಿರು ಇದ್ದಕ್ಕಿದ್ದಂತೆ ಇಲ್ಲವಾಯಿತು. ಕಣ್ಣು ಬಿಟ್ಟರೆ ಗೇಣುದ್ದದ ಕಡ್ಡಿ, ನಡುವೆ ಒಂದು ಗೆರೆಯೂ ಇಲ್ಲ. ಎರಡು ಸಲ ಸೆರಗಿನಲ್ಲಿ ಒರೆಸಿ ನೋಡಿದೆ. ಊರೊಳಗೆ ಬಂದಿದ್ದಾನೆ. ಎದ್ದು ಓಡೋಣವೆಂದರೆ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಬೀದಿಯಲ್ಲಿ ಓಡಿದರೆ ನಾಳೆಯಿಂದ ಅಂಗಡಿಗೆ ಬಂದವರು ಇಡ್ಲಿ ತಿನ್ನುತ್ತಾರೋ ನನ್ನ ಓಟ ಆಡಿಕೊಳ್ಳುತ್ತಾರೋ. ಗಿರಾಕಿಗಳನ್ನೆಲ್ಲ ಇವತ್ತು ಮುಗೀತು ಎದ್ದೇಳಿ ಎಂದು ಕಳಿಸಿದೆ. ತಲೆ ಬಾಚಿಕೊಂಡೆ. ಮುಖಕ್ಕೆ ನೀರು ಹಾಕಿಕೊಂಡೆ. ಹೊಸ ಹಬೆಗೆ ಇಡ್ಲಿ ಇಟ್ಟೆ. ಮಧ್ಯಾಹ್ನ ಕಳೆದಿತ್ತಲ್ಲ, ಕಾಯಿ ಒಡೆದು ಅವನಿಗೆ ಸೇರುವ ಹಾಗೆ ಖಾರ ಮುಂದಾಗಿ ಚಟ್ನಿ ಅರೆದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅವನು ಬಂದು ಬಾಗಿಲಲ್ಲಿ ನಿಂತ. ಕೂದಲು ನರೆತಿತ್ತು, ಮೈ ತುಂಬಿಕೊಂಡಿತ್ತು. ಕೈ ಮಾತ್ರ ಅದೇ, ಉಗುರಿನ ಸಂದಿಯಲ್ಲಿ ಮರದ ಪುಡಿ.

"ಜೇಬು ಮುಟ್ಟಿ ನೋಡ್ಕೊಂಡೆ ತುಳಸಿ, ಇರಲಿಲ್ಲ. ನಿನ್ ಹತ್ರ ಬಂದಿರ್ಬೇಕು" ಎಂದ.

"ಬಂತು ಬಾವ, ಬಾ ಒಳಗೆ" ಎಂದೆ. ಕಡ್ಡಿಯನ್ನು ಅವನು ಇಷ್ಟು ಕಾಲವೂ ಜೇಬಿನಲ್ಲೇ ಇಟ್ಟುಕೊಂಡಿದ್ದ. ಎಲ್ಲೋ ಎಸೆದಿರುತ್ತಾನೆ, ಅದೊಂದು ಕಡ್ಡಿಗೆ ಯಾಕೆ ಕಾಯ್ತೀಯ ಎಂದು ಊರಿನ ಅರ್ಧ ಜನ ನನ್ನನ್ನು ಹಂಗಿಸಿದ್ದರು.

ಬಡಿಸಿದೆ. ತಿಂದ. ಇನ್ನೆರಡು ಹಾಕಿದೆ, ಅದನ್ನೂ ತಿಂದ. ಚಟ್ನಿ ಬಳಿದುಕೊಂಡ. ಅವನು ತಲೆ ಎತ್ತದೆ ತಿನ್ನುತ್ತಿದ್ದುದನ್ನು ಹಸಿವೆಂದುಕೊಂಡೆ. ತಟ್ಟೆ ಖಾಲಿಯಾದ ಮೇಲೂ ತಲೆ ಎತ್ತಲಿಲ್ಲ. ಆಗ ನನಗೆ ಅನುಮಾನ ಬಂತು.

"ಅಲ್ಲಿ ಒಂದು ಮನೆ ಮಾಡ್ಕೊಂಡಿದೀನಿ" ಎಂದ. ಖಾಲಿ ತಟ್ಟೆಯನ್ನು ಬೆರಳಲ್ಲಿ ಬಳಿಯುತ್ತ, "ಹೆಣ್ಮಗು ಹುಟ್ಟಿದೆ" ಎಂದ.

ಮೇಷ್ಟ್ರು ಹೇಳಿದ್ದ ಗುರುತು ಅದೇ ಅಲ್ಲವೇ, ಮೊದಲಿರದಿದ್ದದ್ದು ಹುಟ್ಟಿತಾ ನೋಡಬೇಕು ಎಂದು. ಅದಕ್ಕೆ ಯಾವ ನಿಂಬೆಹಣ್ಣು ತಾನೇ ಹಿಂಡಲಿ. ನಾನು ಅವನ ಮುಂದಿನ ತಟ್ಟೆ ಎತ್ತಿ ತೊಳೆದಿಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

"ಹೆಸರೇನಿಟ್ರಿ?" ಎಂದೆ.

"ಇಟ್ಟಿಲ್ಲ. ನಾನೇ ತೊಟ್ಲು ಮಾಡಿದೆ. ಅಲ್ಲಿ ತೊಟ್ಲು ತೊಟ್ಲಾಗೇ ಇರುತ್ತೆ ತುಳಸಿ, ಬೆಳಗ್ಗೆ ಎದ್ದು ನೋಡಿದ್ರೂ ಇರುತ್ತೆ. ಮಗು ಮಲಗಿಸಿ ತೂಗೋಕೆ ಕೂತ್ರೆ ಜೇಬಲ್ಲಿ ಈ ಅರ್ಧ ಕಡ್ಡಿ ಚುಚ್ಚೋದು. ಎಸೆಯೋಣ ಅಂದ್ರೆ ಕೈ ಬರಲಿಲ್ಲ. ಅವಳಿಗೆ ಇದೆಲ್ಲ ಗೊತ್ತಿಲ್ಲ, ಅಲ್ಲಿನೋರಿಗೆ ಹೇಳಿದ್ರೂ ತಿಳಿಯಲ್ಲ. ನಿನಗೆ ಬೂದಿ ಕೊಡದೆ ಆ ಮಗೂಗೆ ಹೆಸರಿಡೋದು ನನ್ ಕೈಲಾಗ್ಲಿಲ್ಲ. ಸರಿಯಾಗಿ ಮಾಡಿ ಹೋಗೋಣ ಅಂತ ಬಂದೆ."

ಅಂದರೆ ನಾನು ಇಷ್ಟು ವರ್ಷ ಬೇಡಿಕೊಂಡ ಗುರುತು ಬಂದದ್ದು ಸುಡುವುದಕ್ಕಾಗಿ. ಇಡಿಯಾಗದೆ ಸುಡಲು ಬರುವುದಿಲ್ಲ, ಅದಕ್ಕೆ ಇಡಿಯಾಯಿತು. ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಆ ಹಾಳು ಕಡ್ಡಿಯ ಮೇಲೆ. ಅದಕ್ಕೇ ಕೇಳಿಬಿಟ್ಟೆ. "ಆವತ್ತೇ ಸುಟ್ಟು ಹೋಗಬೋದಿತ್ತಲ್ಲ ಬಾವ. ಮುರಿದು ಯಾಕೆ ಹೋದೆ? ಜೇಬಲ್ಲಿ ಬೆಂಕಿಪೊಟ್ಣ ಇಟ್ಕೊಂಡೂ ಯಾಕೆ ಸುಡಲಿಲ್ಲ?"

ಅವನು ಮೊದಲ ಸಲ ನನ್ನ ಮುಖ ನೋಡಿದ. "ಪೊಟ್ಣ ಮಳೇಲಿ ನೆಂದಿತ್ತು" ಎಂದ. "ಸೂರಿನ ಕೆಳಗೆ ನಿಂತು ಗೀರಿದೆ. ಇದ್ದ ಕಡ್ಡಿ ಎಲ್ಲ ಗೀರಿದೆ. ಒಂದೂ ಹತ್ತಲಿಲ್ಲ. ರೇಗಿಹೋಯ್ತು, ಮುರಿದೆ. ಕೈಲುಳಿದ ತುಂಡು ಪೊಟ್ಣದ ಜೊತೆ ಹಾಗೇ ಜೇಬಿಗೆ ಹೋಯ್ತು."

ನನಗೆ ನಗು ಬಂತು. ತಡೆಯಲಾಗದ ನಗು, ಗೋಡೆ ಹಿಡಿದುಕೊಂಡು ನಕ್ಕೆ. ಒಳಗೆ ಬಂದು ಕೇಳಿದ್ದರೆ ಒಲೆಯ ಕೆಂಡ ನಾನೇ ಕೊಡುತ್ತಿದ್ದೆನಲ್ಲ. ಒಂದು ಒದ್ದೆ ಪೊಟ್ಟಣವನ್ನು ಅವನ ಮನಸ್ಸೆಂದು ತಿಳಿದು ಹೊಂಬಾಳಜ್ಜಿ ತೀರ್ಪು ಕೊಟ್ಟಳು, ಊರು ಒಪ್ಪಿತು, ನಾನು ಕಾದೆ. ಲೋಕಪ್ಪನೂ ನಗಲು ನೋಡಿದ, ಆಗಲಿಲ್ಲ. "ನೀನು ಬೇರೆ ಯಾರನ್ನಾದ್ರೂ ನೋಡ್ಕೊಂಡಿರ್ತೀಯ ಅಂದ್ಕೊಂಡಿದ್ದೆ" ಎಂದ.

"ಇಡ್ಲಿ ಬೇಯಿಸ್ಕೊಂಡಿದ್ದೆ" ಎಂದೆ.

ಅವನು ಜೇಬು ತಡಕಿ, "ಬೀಡಿ ಬಿಟ್ಟೆ, ಮಗು ಕೆಮ್ಮುತ್ತೆ ಅಂತ. ಒಂದು ಬೆಂಕಿಕಡ್ಡಿ ಕೊಡ್ತೀಯಾ?" ಎಂದ.

ಕೊಡದೆ ಇರಬಹುದಿತ್ತು. ಕಡ್ಡಿ ನನ್ನ ಸೊಂಟದಲ್ಲಿತ್ತು. ಕಿತ್ತುಕೊಳ್ಳುವ ಗಂಡಸಲ್ಲ ಅವನು, ನಾನು ಬೇಡ ಎಂದರೆ ಹಾಗೇ ವಾಪಸು ಹೋಗುತ್ತಿದ್ದ. ಎರಡು ತುಂಡು ಮಾಡಿ ಮತ್ತೆ ಅವನ ಜೇಬಿಗೆ ಅರ್ಧ ತುರುಕಬೇಕು ಅನ್ನಿಸಿತು, ಇಲ್ಲ ಎನ್ನುವುದಿಲ್ಲ. ಆಗ ಅವನು ಪ್ರತಿ ರಾತ್ರಿ ತೊಟ್ಟಿಲ ಪಕ್ಕ ಕೂತಾಗಲೂ ನನ್ನ ನೆನಪು ಚುಚ್ಚುತ್ತಿರುತ್ತದೆ. ಆ ಆಸೆ ನನಗೆ ಬಹಳ ಆಯಿತು. ಆದರೆ ಚುಚ್ಚುವುದಕ್ಕಾಗಿ ನಾನು ಕಾದಿರಲಿಲ್ಲ. ನನಗೆ ಬೇಕಾಗಿದ್ದವನು ಮೂಲೆಯಲ್ಲಿ ಗಿಳಿ ಕೆತ್ತಿ ಕೊಡುವವನು, ಅವನನ್ನು ಯಾವ ಕಡ್ಡಿಯೂ ಎಳೆದು ತರಲಾರದು.

"ಬೆಂಕಿಕಡ್ಡಿ ಯಾಕೆ ದಂಡ, ಒಲೆ ಉರೀತಿದೆಯಲ್ಲ" ಎಂದು ಸೊಂಟದಿಂದ ತೆಗೆದು ಇಡ್ಲಿ ಪಾತ್ರೆಯ ಕೆಳಗೆ ಇಟ್ಟೆ. ಹಳೆಯ ಒಣಕಡ್ಡಿ, ಚಟಪಟ ಎನ್ನಲೂ ಇಲ್ಲ, ಒಮ್ಮೆ ಬಾಗಿ ಹತ್ತಿಕೊಂಡು ಕೆಂಪಾಯಿತು, ಆಮೇಲೆ ಬೇರೆ ಸೌದೆಯ ಬೂದಿಯ ನಡುವೆ ಯಾವುದು ಅದರದೆಂದು ತಿಳಿಯಲಿಲ್ಲ. ಪದ್ಧತಿಯ ಪ್ರಕಾರ ಹೊಸ್ತಿಲಲ್ಲಿ ಸುಡಬೇಕಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ. ಮಗುವಿಗೆಂದು ನಾಲ್ಕು ಇಡ್ಲಿ ಎಲೆಯಲ್ಲಿ ಕಟ್ಟಿ ಕೊಟ್ಟೆ. ಹಲ್ಲು ಬಂದಿಲ್ಲ ಇನ್ನೂ ಎಂದ. ನಿನ್ನ ಹೆಂಡತಿ ತಿನ್ನಲಿ ಬಿಡು ಎಂದೆ, ತೆಗೆದುಕೊಂಡ.

ಎದ್ದು ಚಪ್ಪಲಿ ಮೆಟ್ಟಿ ನನ್ನ ಕಡೆ ತಿರುಗಿದ. ಮನೆಯಿಂದ ಹೊರಡುವವರು ನಮ್ಮಲ್ಲಿ ಯಾರೂ ಹೋಗ್ತೀನಿ ಎನ್ನುವುದಿಲ್ಲ. ಸಂತೆಗೆ ಹೊರಟರೂ, ಊರೇ ಬಿಟ್ಟು ಹೊರಟರೂ ಬರ್ತೀನಿ ಎಂದೇ ಹೇಳಬೇಕು. ಹೋಗ್ತೀನಿ ಎಂದರೆ ಅಪಶಕುನ, ಅದು ಅವನ ನಾಲಿಗೆಗೆ ಬರದು. ಬರ್ತೀನಿ ಎಂದರೆ ಸುಳ್ಳು, ಈಗ ತಾನೇ ಸುಟ್ಟು ಕೂತಿದ್ದೇವೆ. ಪಾಪ, ಇಡ್ಲಿಯ ಪೊಟ್ಟಣ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತೇ ಇದ್ದ. ಬಿಸಿಲು ಆಗಲೇ ಎದುರು ಮನೆಯ ಗೋಡೆ ಹತ್ತಿತ್ತು.

"ಯಾಕ್ ನಿಂತೆ? ಬರ್ತೀನಿ ಅನ್ನು ಬಾವ" ಎಂದೆ.

"ಹೆಂಗ್ ಅನ್ಲಿ ತುಳಸಿ?"

"ಎಲ್ರೂ ಅನ್ನೋ ಹಂಗೇ ಅನ್ನು. ಅಂದು ಹೋಗು."

ಅವನು ನೆಲ ನೋಡಿಕೊಂಡು ಬರ್ತೀನಿ ಅಂದ. ನಾನು ಹೋಗಿ ಬಾ ಅಂದೆ. ಅವನು ತಿರುವು ದಾಟುವವರೆಗೂ ನಿಂತಿದ್ದು, ಒಳಗೆ ಬಂದು, ಒಲೆಯ ಮುಂದೆ ಕೂತು ಅತ್ತೆ.

ಬೂದಿಯಾದದ್ದಕ್ಕೆ ಇನ್ನು ಯಾವ ಅಮಾವಾಸ್ಯೆಯೂ ಇಲ್ಲ, ಅಷ್ಟು ನನಗೆ ತಿಳಿಯುತ್ತದೆ. ಹೊಂಬಾಳಜ್ಜಿಯನ್ನಾಗಲಿ ಮೇಷ್ಟ್ರನ್ನಾಗಲಿ ಕೇಳಬೇಕಾದ್ದಿಲ್ಲ. ಆದರೆ ಅವನು ಬರ್ತೀನಿ ಅಂತ ಹೇಳಿ ಹೋಗಿದ್ದಾನೆ. ಹೇಳಿಸಿದವಳು ನಾನೇ, ಬಾಯಿಮಾತು ಎಂದೂ ಗೊತ್ತು. ಆದರೂ ಕಾಯುತ್ತಿದ್ದೇನೆ.